ಬಂದೂಕಿನ ವಯಸ್ಸು

ಚಿಕ್ಕನರಗುಂದದ ಕಡೆ ಹಳೆಯ ಬಂದೂಕಿನ ಮಾತು ಬಂದರೆ ಅದಕ್ಕೆ ಎರಡೇ ವಯಸ್ಸು: ಒಂದೋ ಟಿಪ್ಪುವಿನ ಕಾಲದ್ದು, ಇಲ್ಲವೇ ಬಾಬಾಸಾಹೇಬರ ಕಾಲದ್ದು. ಇದಕ್ಕೆ ಕಾರಣವೂ ಉಂಟು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದವನ್ನು ಹಿಡಿಯಿತು. 1858ರಲ್ಲಿ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಇಂಗ್ಲಿಷರ ವಿರುದ್ಧ ಎದ್ದರು. ಆದರೆ ಊರಿನ ಇತಿಹಾಸವನ್ನೆಲ್ಲ ಒಂದು ಕಬ್ಬಿಣದ ನಳಿಗೆಯ ಮೇಲೆ ಹೇರುವ ಈ ರೂಢಿ ನನಗೆ ಒಪ್ಪಿಗೆಯಿಲ್ಲ.

ಬಂದೂಕು ತನ್ನ ಸಾಕ್ಷಿಯನ್ನು ತಾನೇ ಹೇಳುತ್ತದೆ, ಕೇಳುವ ತಾಳ್ಮೆ ಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಹಳೆಯ ಉದ್ದ ರೈಫಲುಗಳನ್ನು ಬಲ್ಲವರು ನಳಿಗೆಯ ಮೇಲಿನ ಕುಶಲಿಯ ಹೆಸರು, ಹಿಡಿಯ ಬಾಗು, ಹಿತ್ತಾಳೆಯ ಕೆಲಸ ನೋಡಿ ಯಾವ ಸೀಮೆಯದು, ಯಾವ ದಶಕದ್ದು ಎಂದು ಗುರುತಿಸುತ್ತಾರೆ. ನಮ್ಮಲ್ಲೂ ಗುರುತುಗಳಿಗೆ ಬರವಿಲ್ಲ. ಟಿಪ್ಪುವಿನ ಕಾರ್ಖಾನೆಯ ಒಳ್ಳೆಯ ಬಂದೂಕುಗಳ ಮೇಲೆ ಹುಲಿಪಟ್ಟೆ, ‘ಪಟ್ಟಣ’ವೆಂಬ ಊರ ಹೆಸರು, ಮೌಲೂದಿ ವರ್ಷ ಇರುತ್ತವೆ. ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕಂಪನಿ ಸರ್ಕಾರದ ಬಂದೂಕಿನ ಮೇಲೆ ಮೊದಲು ಹೃದಯದ ಮುದ್ರೆ, 1808ರ ಸುಮಾರಿನಿಂದ ಸಿಂಹದ ಮುದ್ರೆ. ಕೊಡಗಿನ ಬತ್ತಿಕೋವಿಯ ಹಿಡಿ ಗಿಡ್ಡ, ಕೆಳಕ್ಕೆ ಬಾಗಿದ್ದು.

ತಾಮ್ರದ ಕೇಪು ಹರಡಿದ್ದು 1820ರ ದಶಕದ ನಂತರ. ಹಾಗೆಂದು ಕೇಪು ಕಂಡ ಕೂಡಲೇ ಬಂದೂಕು ಟಿಪ್ಪುವಿನ ಕಾಲದ್ದಲ್ಲ ಎನ್ನುವಂತಿಲ್ಲ. ಹಳೆಯ ಚಕಮಕಿ ಬಂದೂಕಿಗೂ ಕೇಪಿನ ಯಂತ್ರ ಕೂಡಿಸುತ್ತಿದ್ದರು. ಬೆಳೆ ಕಾಯಲು 20ನೆಯ ಶತಮಾನದಲ್ಲೂ ಕೇಪಿನ ಕೋವಿ ಮಾಡಿದವರಿದ್ದಾರೆ. ನಳಿಗೆ, ಯಂತ್ರ, ಮರ ಮೂರಕ್ಕೂ ಬೇರೆ ಬೇರೆ ವಯಸ್ಸಿರಬಹುದು. ಒಂದೇ ವರ್ಷ ಬರೆದ ಚೀಟಿ ಮೂರರಲ್ಲಿ ಎರಡರ ವಿಷಯದಲ್ಲಿ ಸುಳ್ಳಾಗಬಹುದು.

ಇಷ್ಟು ತಕರಾರು ಯಾಕೆಂದರೆ, ಈ ಭಾಗದಲ್ಲಿ ಬಂದೂಕೆಂಬುದು ಬರಿಯ ಅಲಂಕಾರದ ವಸ್ತುವಾಗಿರಲಿಲ್ಲ. 1857ರ ಆಯುಧ ಕಾಯ್ದೆಗೆ ಮಣಿದು ಹತಾರ ಒಪ್ಪಿಸಲಾರೆವೆಂದ ಹಲಗಲಿಯ ಬೇಡರು ಜೀವ ತೆತ್ತರು. ಮರು ವರ್ಷ ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. 1878ರ ಕಾಯ್ದೆ ಪರವಾನಿಗೆಯನ್ನು ಇನ್ನಷ್ಟು ಬಿಗಿ ಮಾಡಿತು. ಇಷ್ಟಾಗಿಯೂ ಒಂದು ಮನೆಯಲ್ಲಿ ಹಳೆಯ ಬಂದೂಕು ಉಳಿದಿದ್ದರೆ ಮಾಡಿದ ವರ್ಷದಷ್ಟೇ ಉಳಿದ ಬಗೆಯೂ ಮುಖ್ಯ: ಬಚ್ಚಿಟ್ಟದ್ದೋ, ಪರವಾನಿಗೆ ಪಡೆದದ್ದೋ, ಆಮೇಲೆ ಸಂತೆಯಲ್ಲಿ ಕೊಂಡದ್ದೋ? ಎಲ್ಲವನ್ನೂ ಬಾಬಾಸಾಹೇಬರ ಹೆಸರಿಗೆ ಬರೆದರೆ ಅವರ ಗೌರವವೇನೂ ಹೆಚ್ಚುವುದಿಲ್ಲ. ಅದನ್ನು ಉಳಿಸಿಕೊಂಡವರ ಕಥೆ ಮಾತ್ರ ಅಳಿಸಿಹೋಗುತ್ತದೆ.