ಗೋಡೆ ದಾಟಿ ಬಂದ ದನಿ

ಈ ಆಲ್ಬಂ ಗುಡುಗಿನೊಂದಿಗೆ ಶುರುವಾಗುತ್ತದೆ. ಸ್ಟುಡಿಯೋದಲ್ಲಿ ಅಂಟಿಸಿದ ಗುಡುಗು ಎಂಬುದು ಮೊದಲ ಸಲಕ್ಕೇ ಗೊತ್ತಾಗುತ್ತದೆ, ಆದರೂ ಮೈ ಜುಮ್ಮೆನ್ನುತ್ತದೆ. ‘ವಾಕಿಂಗ್ ಇನ್ ದ ರೇನ್’ ಹಾಡಿನ ಹುಡುಗಿಗೆ ಪ್ರಿಯಕರನಿಲ್ಲ. ಅವನಿನ್ನೂ ಸಿಕ್ಕಿಲ್ಲ. ಸಿಕ್ಕರೆ ಅವನು ಹೇಗಿರಬೇಕು, ಮಳೆಯಲ್ಲಿ ನಡೆಯುವುದು ಅವನಿಗೆ ಇಷ್ಟವಿರಬೇಕು, ಇತರರಂತೆ ಇರಬಾರದು ಎಂದೆಲ್ಲ ಅವಳು ಪಟ್ಟಿ ಮಾಡುತ್ತಾಳೆ. ನಮ್ಮ ಅಲಂಕಾರಿಕರು ಪೂರ್ವರಾಗವೆಂದು ಕರೆದ ಸ್ಥಿತಿಗಿಂತಲೂ ಒಂದು ಹೆಜ್ಜೆ ಹಿಂದೆ ಇದು. ಅಲ್ಲಿ ಕನಿಷ್ಠ ನಾಯಕನ ಹೆಸರಾದರೂ ಕಿವಿಗೆ ಬಿದ್ದಿರುತ್ತದೆ. ಇಲ್ಲಿ ವಿರಹವಿದೆ, ವ್ಯಕ್ತಿಯೇ ಇಲ್ಲ. ಇಷ್ಟು ತೆಳುವಾದ ವಸ್ತುವನ್ನು ಹಿಡಿದು ಮೂರು ನಿಮಿಷಗಳ ಪಾಪ್ ಹಾಡು ಕಟ್ಟಿ, ಅದನ್ನು ಕೇಳಿದವರ ಗಂಟಲು ಕಟ್ಟುವಂತೆ ಮಾಡಿದ್ದಾರಲ್ಲ, ಆ ಕಸುಬಿಗೆ ತಲೆಬಾಗಬೇಕು.

ಆಲ್ಬಂನ ಹೆಸರು ‘ಪ್ರೆಸೆಂಟಿಂಗ್ ದ ಫ್ಯಾಬ್ಯುಲಸ್ ರಾನೆಟ್ಸ್ ಫೀಚರಿಂಗ್ ವೆರೋನಿಕಾ’. 1964ರ ನವೆಂಬರ್‌ನಲ್ಲಿ ನಿರ್ಮಾಪಕ ಫಿಲ್ ಸ್ಪೆಕ್ಟರ್‌ನ ಫಿಲ್ಲೀಸ್ ಕಂಪನಿ ಇದನ್ನು ಹೊರತಂದಿತು. ಬಿಲ್‌ಬೋರ್ಡ್ ಪಟ್ಟಿಯಲ್ಲಿ 96ನೇ ಸ್ಥಾನಕ್ಕೆ ಏರಿದ್ದೇ ಅದರ ಆಗಿನ ಸಾಧನೆ. 2011ರಲ್ಲಿ ಸೋನಿಯ ಲೆಗಸಿ ವಿಭಾಗ ಫಿಲ್ಲೀಸ್‌ನ ಹಲವು ಆಲ್ಬಂಗಳನ್ನು ಏಳು ಸಿಡಿಗಳ ಪೆಟ್ಟಿಗೆಯಾಗಿ ಮರಳಿ ತಂದಾಗ, ಅದರೊಳಗೆ ಇದೂ ಬಂತು, ಮೂಲದ ಮಾನೋ ರೂಪದಲ್ಲಿ. ಆ ಪೆಟ್ಟಿಗೆಯ ಉಳಿದ ಆಲ್ಬಂಗಳನ್ನು ಕುತೂಹಲಕ್ಕಾಗಿ ಕೇಳಬಹುದು. ಮತ್ತೆ ಮತ್ತೆ ಕೇಳಬೇಕೆನಿಸುವುದು ಇದನ್ನೇ.

ರಾನೆಟ್ಸ್ ಎಂದರೆ ಮೂವರು: ವೆರೋನಿಕಾ ಬೆನೆಟ್, ಅಂದರೆ ರಾನಿ, ಆಕೆಯ ಅಕ್ಕ ಎಸ್ಟೆಲ್, ಅವರ ಸೋದರ ಸಂಬಂಧಿ ನೆಡ್ರಾ ಟ್ಯಾಲಿ. ನ್ಯೂಯಾರ್ಕಿನ ಹುಡುಗಿಯರು, ಮಿಶ್ರ ಮನೆತನದವರು, ಬಾಲ್ಯದಿಂದಲೂ ಒಟ್ಟಿಗೆ ಹಾಡಿದವರು. ಪೆಪ್ಪರ್‌ಮಿಂಟ್ ಲೌಂಜ್ ಎಂಬ ಟ್ವಿಸ್ಟ್ ಕುಣಿತದ ಕ್ಲಬ್ಬಿನಲ್ಲಿ ಕುಣಿದು ಹೆಸರು ಮಾಡಿದರು. ಆಕಾಶಕ್ಕೆ ಏರಿಸಿದ ತಲೆಗೂದಲು, ಕಿವಿಯವರೆಗೆ ಎಳೆದ ಕಾಡಿಗೆ, ಬಿಗಿಯಾದ ಉಡುಪು. ಅದೇ ಕಾಲದ ಬೇರೆ ಗಾಯಕಿಯರ ತಂಡಗಳು ಶಾಲಾ ಸಮಾರಂಭಕ್ಕೆ ಹೊರಟಂತೆ ಕಾಣುತ್ತಿದ್ದಾಗ ಇವರು ಬೀದಿಯ ಠೀವಿಯನ್ನು ವೇದಿಕೆಗೆ ತಂದರು. ನಾಲ್ಕು ದಶಕಗಳ ನಂತರ ಗಾಯಕಿ ಏಮಿ ವೈನ್‌ಹೌಸ್ ತಲೆಯ ಮೇಲೆ ಹೊತ್ತದ್ದು ಇದೇ ಗೋಪುರವನ್ನು.

ಇನ್ನು ಆ ಪ್ರಸಿದ್ಧ ಗೋಡೆ. ಸ್ಪೆಕ್ಟರ್‌ನ ಶೈಲಿಯನ್ನು ‘ವಾಲ್ ಆಫ್ ಸೌಂಡ್’ ಎಂದು ಕರೆಯುವುದು ರೂಢಿ. ಅದನ್ನು ಕಟ್ಟಿದ್ದು ಹಾಲಿವುಡ್ಡಿನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ. ದೊಡ್ಡ ಕೋಣೆಯೇನಲ್ಲ. ಅದರೊಳಗೆ ಹಲವಾರು ಗಿಟಾರ್, ಒಂದಕ್ಕಿಂತ ಹೆಚ್ಚು ಪಿಯಾನೊ, ಒಂದಕ್ಕಿಂತ ಹೆಚ್ಚು ಬೇಸ್, ಸ್ಯಾಕ್ಸೊಫೋನ್‌ಗಳು, ತಾಳವಾದ್ಯದವರ ಹಿಂಡು. ಎಲ್ಲರೂ ಒಟ್ಟಿಗೆ, ಒಂದೇ ಸ್ವರವನ್ನು ಮೂರು ನಾಲ್ಕು ಮಂದಿ ಹಂಚಿಕೊಂಡು, ದಣಿಯುವವರೆಗೆ ನುಡಿಸಬೇಕು. ಒಬ್ಬರ ವಾದ್ಯದ ಸದ್ದು ಇನ್ನೊಬ್ಬರ ಮೈಕಿಗೆ ಸೋರಲಿ ಎಂಬುದೇ ಯೋಜನೆ. ಆ ಗದ್ದಲವನ್ನು ಸಿಮೆಂಟು ಬಳಿದ ಪ್ರತಿಧ್ವನಿಯ ಕೋಣೆಗೆ ಸ್ಪೀಕರಿನ ಮೂಲಕ ಕಳಿಸಿ, ಅಲ್ಲಿ ಗೋಡೆಗಳಿಗೆ ಬಡಿದು ಮರಳಿದ್ದನ್ನು ಮೈಕಿನಲ್ಲಿ ಹಿಡಿದು ಮತ್ತೆ ಬೆರೆಸುತ್ತಿದ್ದರು. ವಾದ್ಯಸಂಯೋಜನೆ ಜ್ಯಾಕ್ ನಿಚ್ಚೆಯದು, ಎಂಜಿನಿಯರ್ ಲ್ಯಾರಿ ಲೆವೀನ್. ಕೇಳುಗನಿಗೆ ಕೊನೆಗೆ ತಲುಪುವುದು ಗಿಟಾರೂ ಅಲ್ಲ, ಪಿಯಾನೊವೂ ಅಲ್ಲ. ಎರಡೂ ಕರಗಿ ಹುಟ್ಟಿದ ಹೆಸರಿಲ್ಲದ ಮೂರನೆಯ ವಾದ್ಯ. ಹುಳಿಗೆ ಹಾಕಿದ ಬೇಳೆ ಕಾಳಾಗಿ ಉಳಿಯದ ಹಾಗೆ.

ಮರುಬಿಡುಗಡೆ ಮಾನೋದಲ್ಲೇ ಇದೆ ಎಂದು ಒತ್ತಿ ಹೇಳಲು ಕಾರಣ ಇದೇ. ಸ್ಟೀರಿಯೋ ಎಂದರೆ ಬಿಡಿಸುವುದು: ಡ್ರಮ್ಮು ಎಡಕ್ಕೆ, ತಂತಿವಾದ್ಯ ಬಲಕ್ಕೆ, ಹಾಡುಗಾರ್ತಿ ನಡುವೆ. ಕರಗಿಸಲೆಂದೇ ಮಾಡಿದ್ದನ್ನು ಬಿಡಿಸಿದರೆ ಇಟ್ಟಿಗೆಗಳು ಕಾಣುತ್ತವೆ, ಗೋಡೆ ಮಾಯವಾಗುತ್ತದೆ. ಕಾರಿನ ರೇಡಿಯೋದ ಒಂದೇ ಸ್ಪೀಕರಿಗೆ, ಐಸ್‌ಕ್ರೀಮ್ ಅಂಗಡಿಯ ಜ್ಯೂಕ್‌ಬಾಕ್ಸಿಗೆ ತಯಾರಾದ ಸಂಗೀತ ಇದು. 1991ರಲ್ಲಿ ಬಂದ ಸ್ಪೆಕ್ಟರ್‌ನ ಸಂಕಲನಕ್ಕೆ ‘ಬ್ಯಾಕ್ ಟು ಮಾನೋ’ ಎಂಬ ಹೆಸರಿಟ್ಟಿದ್ದರಲ್ಲಿ ಹಟವಿದೆ, ಆದರೆ ಹಟ ಸರಿಯಾದದ್ದು.

ಎರಡನೆಯ ಬದಿಯ ಮೊದಲ ಹಾಡಿಗೆ ಬರೋಣ. ‘ಬಿ ಮೈ ಬೇಬಿ’. 1963ರ ಬೇಸಿಗೆಯಲ್ಲಿ ಧ್ವನಿಮುದ್ರಣವಾಗಿ, ಅಮೆರಿಕದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿದ ಹಾಡು. ಬರೆದವರು ಜೆಫ್ ಬ್ಯಾರಿ, ಎಲ್ಲೀ ಗ್ರೀನಿಚ್ ದಂಪತಿ ಮತ್ತು ಸ್ಪೆಕ್ಟರ್. ಮೊದಲಿಗೆ ಹ್ಯಾಲ್ ಬ್ಲೇನ್ ಅವರ ಡ್ರಮ್ ಮಾತ್ರ: ಧಂ, ಧ-ಧಂ, ಛಟ್. ನಾಲ್ಕು ಎಣಿಕೆಯ ಆವರ್ತದಲ್ಲಿ ಎರಡು ಮತ್ತು ನಾಲ್ಕರ ಮೇಲೆ ಸ್ನೇರ್ ಪೆಟ್ಟು ಬೀಳುವುದು ಪಾಪ್ ಸಂಗೀತದ ವಾಡಿಕೆ. ಇಲ್ಲಿ ಎರಡನೆಯದು ಖಾಲಿ, ನಾಲ್ಕರ ಮೇಲೆ ಮಾತ್ರ ಪೆಟ್ಟು. ಒಂದು ಪೆಟ್ಟು ಕಳೆದದ್ದರಿಂದ ಉಳಿದ ಪೆಟ್ಟಿಗೆ ಎಷ್ಟು ತೂಕ ಬಂದಿದೆ ನೋಡಿ. ಎರಡನೆಯ ಪೆಟ್ಟು ಕೈತಪ್ಪಿ ಬಿಟ್ಟುಹೋದದ್ದು, ಆಮೇಲೆ ಅದನ್ನೇ ಉಳಿಸಿಕೊಂಡೆವು ಎಂದು ಬ್ಲೇನ್ ಹೇಳುತ್ತಿದ್ದರು. ಇರಬಹುದು. ಒಳ್ಳೆಯ ತಾಳವಾದ್ಯಗಾರರು ಇಂಥ ಕತೆಗಳನ್ನು ಹೇಳುವುದರಲ್ಲೂ ಒಳ್ಳೆಯವರಿರುತ್ತಾರೆ. ಹಾಡು ಮುಕ್ಕಾಲು ಮುಗಿದ ಮೇಲೆ ವಾದ್ಯಗಳೆಲ್ಲ ಸರಿದು ಮತ್ತೆ ಆ ಡ್ರಮ್ ಒಂಟಿಯಾಗಿ ಕೇಳಿಸುತ್ತದೆ. ಮುಂದೆ ಏನು ಬರುತ್ತದೆಂದು ಗೊತ್ತಿದ್ದೂ ಉಸಿರು ಹಿಡಿಯುವಂತಾಗುವುದು ಅಲ್ಲೇ. ಬೀಚ್ ಬಾಯ್ಸ್‌ನ ಬ್ರಯನ್ ವಿಲ್ಸನ್ ಈ ಹಾಡನ್ನು ಕಾರಿನಲ್ಲಿ ಮೊದಲು ಕೇಳಿದಾಗ ರಸ್ತೆಯ ಪಕ್ಕಕ್ಕೆ ಗಾಡಿ ನಿಲ್ಲಿಸಿದರು. ಜೀವಮಾನವಿಡೀ ಅದನ್ನು ಕೇಳುತ್ತಲೇ ಇದ್ದರು.

ಹಾಡಿನ ವಸ್ತುವನ್ನೂ ಗಮನಿಸಬೇಕು. ಪ್ರಸ್ತಾಪ ಮುಂದಿಡುತ್ತಿರುವವಳು ಹುಡುಗಿ. ಅವಳು ಕಾಯುವುದಿಲ್ಲ, ನಾಚಿ ಕಾಲ್ಬೆರಳಿನಿಂದ ನೆಲ ಗೀರುವುದಿಲ್ಲ. 1960ರ ಕೊನೆಯಲ್ಲಿ ಶಿರೆಲ್ಸ್ ತಂಡ ‘ವಿಲ್ ಯು ಲವ್ ಮಿ ಟುಮಾರೊ’ ಹಾಡಿನಲ್ಲಿ ನಾಳೆಯ ಬಗ್ಗೆ ಅಳುಕು ತುಂಬಿದ ಪ್ರಶ್ನೆ ಕೇಳಿತ್ತು. ಮೂರು ವರ್ಷಗಳಲ್ಲಿ ಆ ಅಳುಕು ಬೇಡಿಕೆಯಾಗಿ ಬದಲಾಗಿದೆ.

ಅಷ್ಟಾದರೂ ಗೋಡೆಯ ಗುಣಗಾನ ಹಾಡಿ ಸುಮ್ಮನಾಗುವ ವಿಮರ್ಶಕರನ್ನು ಕಂಡರೆ ನನಗೆ ಸಿಡುಕು. ಅದೇ ಸ್ಟುಡಿಯೋ, ಅದೇ ವಾದ್ಯಗಾರರು, ಅದೇ ಗೋಡೆ ಬೇರೆ ತಂಡಗಳಿಗೂ ಸಿಕ್ಕಿತ್ತು. ಎಲ್ಲವೂ ‘ಬಿ ಮೈ ಬೇಬಿ’ ಆಗಲಿಲ್ಲ. ಇಲ್ಲಿನ ವ್ಯತ್ಯಾಸ ರಾನಿಯ ದನಿ. ಶಾಸ್ತ್ರೀಯ ಅರ್ಥದಲ್ಲಿ ಅದು ದೊಡ್ಡ ದನಿಯಲ್ಲ. ತುಸು ಮೂಗಿನಿಂದ ಬರುತ್ತದೆ, ಅಂಚಿನಲ್ಲಿ ಗರಸು ಇದೆ, ದೀರ್ಘ ಸ್ವರದ ತುದಿಯಲ್ಲಿ ಒಂದು ಅಗಲವಾದ ಕಂಪನ. ಆಕೆಯ ಆರಾಧ್ಯ ದೈವ ‘ವೈ ಡು ಫೂಲ್ಸ್ ಫಾಲ್ ಇನ್ ಲವ್’ ಹಾಡಿದ ಬಾಲಗಾಯಕ ಫ್ರ್ಯಾಂಕಿ ಲೈಮನ್. ಹುಡುಗನ ದನಿಯನ್ನು ಅನುಕರಿಸಿ ಬೆಳೆದ ಹುಡುಗಿಯ ದನಿ ಇದು. ಅದಕ್ಕೇ ಅದರಲ್ಲಿ ಮುದ್ದಿನ ಜೊತೆಗೆ ಪೋಕರಿತನ. ಶಬ್ದಗಳಿಲ್ಲದ ಕಡೆ, ಬರಿಯ ಉದ್ಗಾರಗಳಲ್ಲಿ, ಆಕೆ ತನ್ನ ನಿಜವಾದ ಆಟ ತೋರಿಸುತ್ತಾಳೆ. ಗೋಲ್ಡ್ ಸ್ಟಾರಿನ ಹೆಂಗಸರ ಶೌಚಾಲಯದಲ್ಲಿ ಪ್ರತಿಧ್ವನಿ ಚೆನ್ನಾಗಿತ್ತೆಂದು ಅಲ್ಲಿ ನಿಂತು ಆ ಉದ್ಗಾರಗಳನ್ನು ಪಳಗಿಸಿಕೊಂಡೆ ಎಂದು ಆಕೆ ಹೇಳಿದ್ದಾರೆ. ಅಷ್ಟೊಂದು ವಾದ್ಯಗಳ ಎದುರು ಮೆತ್ತಗಿನ ಕಂಠವಾಗಿದ್ದರೆ ಮುಳುಗುತ್ತಿತ್ತು, ಅಬ್ಬರದ ಕಂಠವಾಗಿದ್ದರೆ ಬಡಿದಾಡುತ್ತಿತ್ತು. ಈ ದನಿ ಸಂದಿಯಲ್ಲಿ ನುಸುಳಿ ಮೇಲೆ ಬಂದು ಕೂರುತ್ತದೆ.

‘ಬೇಬಿ, ಐ ಲವ್ ಯು’ದಲ್ಲಿ ಅದು ಹಿಗ್ಗಿನಿಂದ ಬಿರಿಯುತ್ತದೆ. ‘ಡು ಐ ಲವ್ ಯು?’ ನನ್ನ ಮೆಚ್ಚಿನದು: ಶುರುವಿನ ಬೇಸ್ ನಡಿಗೆ, ಅದರ ಹಿಂದೆ ಬರುವ ಹಿತ್ತಾಳೆ ವಾದ್ಯಗಳು, ಉತ್ತರ ಗೊತ್ತಿದ್ದೇ ಕೇಳುವ ಪ್ರಶ್ನೆಯ ತುಂಟತನ. ‘ಯು ಬೇಬಿ’ಯ ಕಡೆಗೆ ಹೆಚ್ಚು ಮಂದಿ ತಿರುಗಿ ನೋಡಿಲ್ಲ, ನೋಡಬೇಕು.

ಎಲ್ಲವೂ ಚಿನ್ನವಲ್ಲ. ಆಗ ಹದಿಹರೆಯದವರ ಸಂಗೀತದಲ್ಲಿ ಏಳು ಇಂಚಿನ ಸಿಂಗಲ್ಲೇ ದೊರೆ, ಆಲ್ಬಂ ಎಂದರೆ ಸಿಂಗಲ್‌ಗಳ ನಡುವೆ ಭರ್ತಿ ತುಂಬಿದ ಚೀಲ. ಈ ಹನ್ನೆರಡರಲ್ಲಿ ಐದು ಮೊದಲೇ ಸಿಂಗಲ್ಲಾಗಿ ಪಟ್ಟಿ ಏರಿದವು. ರೇ ಚಾರ್ಲ್ಸ್‌ನ ‘ವಾಟ್ಡ್ ಐ ಸೇ’ಯನ್ನು ಜನರ ಕೂಗಾಟದ ಸದ್ದಿನೊಂದಿಗೆ ತುರುಕಿದ್ದಾರೆ. ಅದು ಉಳಿದ ಹಾಡುಗಳ ಲೋಕಕ್ಕೆ ಸೇರಿದ್ದಲ್ಲ; ನಾನು ಅದನ್ನು ದಾಟಿಸಿ ಮುಂದೆ ಹೋಗುತ್ತೇನೆ. ‘ಚ್ಯಾಪಲ್ ಆಫ್ ಲವ್’ ಚೆನ್ನಾಗಿಯೇ ಇದೆ, ಆದರೆ ಸ್ಪೆಕ್ಟರ್ ಅದನ್ನು ಸಿಂಗಲ್ಲಾಗಿ ಬಿಡದೆ ಕೂತದ್ದರಿಂದ 1964ರಲ್ಲಿ ಅದನ್ನು ಮೊದಲ ಸ್ಥಾನಕ್ಕೆ ಒಯ್ದ ಕೀರ್ತಿ ಡಿಕ್ಸಿ ಕಪ್ಸ್ ತಂಡದ ಪಾಲಾಯಿತು. ಇನ್ನು, ಇದೇ ತಂಡದ 1965ರ ‘ಐ ವಿಶ್ ಐ ನೆವರ್ ಸಾ ದ ಸನ್‌ಶೈನ್’ ಈ ಆಲ್ಬಂನಲ್ಲಿ ಇಲ್ಲ, ಇರಲೂ ಸಾಧ್ಯವಿರಲಿಲ್ಲ. ಆಗ ಕಪಾಟು ಸೇರಿದ ಆ ಹಾಡು ‘ಬ್ಯಾಕ್ ಟು ಮಾನೋ’ದಲ್ಲಿ ಸಿಗುತ್ತದೆ. ಹುಡುಕಿ ಕೇಳಿ.

ಆಲ್ಬಂನ ಹೆಸರಿನಲ್ಲಿರುವ ‘ಫೀಚರಿಂಗ್ ವೆರೋನಿಕಾ’ ಇಂದು ಸ್ವಲ್ಪ ಚುಚ್ಚುತ್ತದೆ. ಫಿಲ್ಲೀಸ್‌ನಲ್ಲಿ ಹೆಸರುಗಳೆಲ್ಲ ಯಜಮಾನನ ಆಸ್ತಿ. 1962ರಲ್ಲಿ ‘ಹೀ ಈಸ್ ಎ ರೆಬೆಲ್’ ಕ್ರಿಸ್ಟಲ್ಸ್ ತಂಡದ ಹೆಸರಿನಲ್ಲಿ ಮೊದಲ ಸ್ಥಾನಕ್ಕೆ ಏರಿತು, ಹಾಡಿದವರು ಮಾತ್ರ ಡಾರ್ಲೀನ್ ಲವ್ ಮತ್ತು ಬ್ಲಾಸಮ್ಸ್. ರಾನಿಗೆ ಹೆಸರೇನೋ ಸಿಕ್ಕಿತು, ಸ್ವಾತಂತ್ರ್ಯ ಸಿಗಲಿಲ್ಲ. 1966ರಲ್ಲಿ ಬೀಟಲ್ಸ್ ಜೊತೆಗಿನ ಅಮೆರಿಕ ಪ್ರವಾಸಕ್ಕೆ ರಾನೆಟ್ಸ್ ಹೊರಟಾಗ ಸ್ಪೆಕ್ಟರ್ ಆಕೆಯನ್ನು ಹೋಗಗೊಡಲಿಲ್ಲ. 1968ರಲ್ಲಿ ಅವರಿಬ್ಬರ ಮದುವೆ. 1972ರಲ್ಲಿ ಆಕೆ ಬರಿಗಾಲಿನಲ್ಲಿ ಅವನ ಬಂಗಲೆಯಿಂದ ಓಡಿಹೋದರು. ರಾನೆಟ್ಸ್ ಮೂವರಿಗೂ ಸೇರಿ ಸಿಕ್ಕಿದ್ದ ಮುಂಗಡ ಸುಮಾರು 15 ಸಾವಿರ ಡಾಲರ್. ರಾಯಲ್ಟಿ ಬರಲೇ ಇಲ್ಲ. ವರ್ಷಗಟ್ಟಲೆ ನಡೆದ ಮೊಕದ್ದಮೆಯಲ್ಲಿ 2002ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ, ಹಳೆಯ ಕರಾರಿನ ದರದಂತೆ ಧ್ವನಿಮುದ್ರಿಕೆಗಳ ಮಾರಾಟದ ರಾಯಲ್ಟಿ ಅವರಿಗೆ ಸಲ್ಲಬೇಕೆಂದು ಒಪ್ಪಿತು. ಧ್ವನಿಮುದ್ರಣಗಳ ಮೇಲಿನ ಹಕ್ಕು ಮಾತ್ರ ನಿರ್ಮಾಪಕನದೇ ಆಗಿ ಉಳಿಯಿತು. ಲಾನಾ ಕ್ಲಾರ್ಕ್‌ಸನ್ ಎಂಬ ನಟಿಯ ಕೊಲೆಯ ಅಪರಾಧಿಯಾಗಿ ಸೆರೆಯಲ್ಲಿದ್ದ ಸ್ಪೆಕ್ಟರ್ 2021ರ ಜನವರಿಯಲ್ಲಿ ಸತ್ತ; ಒಂದು ವರ್ಷದ ನಂತರ, 2022ರ ಜನವರಿಯಲ್ಲಿ, ರಾನಿ ತೀರಿಕೊಂಡರು.

ಇದೆಲ್ಲ ತಿಳಿದ ಮೇಲೆ ಈ ಹಾಡುಗಳ ಸಂತೋಷವನ್ನು ಅನುಭವಿಸುವುದು ತಪ್ಪೇ ಎಂದು ಕೇಳುವವರಿದ್ದಾರೆ. ರಾನಿ ತಾವೇ ಕೊನೆಯವರೆಗೂ ವೇದಿಕೆಗಳಲ್ಲಿ ‘ಬಿ ಮೈ ಬೇಬಿ’ ಹಾಡಿದರು, ತಮ್ಮ ಆತ್ಮಕತೆಗೂ ಅದೇ ಹೆಸರಿಟ್ಟರು. ಆ ಹಾಡನ್ನು ಆಕೆ ಗಂಡನಿಗೆ ಬಿಟ್ಟುಕೊಡಲಿಲ್ಲ. ನಾವು ಬಿಟ್ಟುಕೊಡುವ ಅಗತ್ಯ ನನಗೆ ಕಾಣದು.

ಕೇಳುವುದಾದರೆ ಮಾನೋ ಪ್ರತಿಯನ್ನೇ ಆರಿಸಿ, ಇಯರ್‌ಫೋನ್ ಬದಿಗಿಟ್ಟು ಒಂದು ಸ್ಪೀಕರಿನಲ್ಲಿ ತುಸು ಜೋರಾಗಿ ಹಾಕಿ. ಮೊದಲ ಸುತ್ತಿನಲ್ಲಿ ಡ್ರಮ್ಮನ್ನು ಮೆಚ್ಚಿಕೊಳ್ಳಿ, ಎರಡನೆಯ ಸುತ್ತಿನಲ್ಲಿ ರಾನಿಯನ್ನು ಮಾತ್ರ ಹಿಂಬಾಲಿಸಿ. ಹನ್ನೆರಡರಲ್ಲಿ ಎಂಟು ಹಾಡುಗಳು ಖಂಡಿತ ನಿಮ್ಮವಾಗುತ್ತವೆ.