ಬೂಸ್ಟ್ ಹೋಯ್ತು ಅಂದ್ರೆ ಸೂಪರ್‌ಚಾರ್ಜರ್ ಹೋಯ್ತು ಅಂತಲ್ಲ

ಆರ್53 ಅಂತ ಕರೆಸಿಕೊಳ್ಳೋ 2002–2006ರ ಮಿನಿ ಕೂಪರ್ ಎಸ್ ಪವರ್ ಕಳ್ಕೊಂಡ್ರೆ ಸಲಹೆಗೇನೂ ಬರವಿಲ್ಲ. ಥಟ್ಟನೆ ಬರೋದು ಒಂದೇ: ‘ಸೂಪರ್‌ಚಾರ್ಜರ್ ಹೋಗಿದೆ, ಬದಲಾಯಿಸಿ.’ ನನ್ನ ತಕರಾರು ಇರೋದೇ ಇಲ್ಲಿ. ಇದು ತಪಾಸಣೆಯಲ್ಲ, ದುಬಾರಿ ಊಹೆ.

ಇದರ 1.6 ಲೀಟರ್ ಎಂಜಿನ್‌ನಲ್ಲಿ ಈಟನ್ ಎಂ45 ಸೂಪರ್‌ಚಾರ್ಜರನ್ನು ತಿರುಗಿಸೋದು ಒಂದು ಬೆಲ್ಟ್. ಬೆಲ್ಟ್ ಸವೆದು ಜಾರಿದ್ರೂ, ಟೆನ್ಷನರ್ ಸಡಿಲಾದ್ರೂ, ಕ್ರ್ಯಾಂಕ್ ಪುಲಿಯೊಳಗಿನ ರಬ್ಬರ್ ಬಿಟ್ಕೊಂಡ್ರೂ ಬೂಸ್ಟ್ ಕುಸಿಯುತ್ತೆ. ಅವು ಸರಿಯಿದ್ರೆ ಇಂಟರ್‌ಕೂಲರಿನ ಎರಡೂ ಬದಿಯ ರಬ್ಬರ್ ಬೂಟ್ ನೋಡಿ. ಹರಿದಿದ್ರೆ ಗಾಳಿ ಅಲ್ಲೇ ಸೋರುತ್ತೆ. ಆಮೇಲೆ ಬೈಪಾಸ್ ವಾಲ್ವ್. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮುಚ್ಚಬೇಕಾದ ಅದು ತೆರೆದೇ ಉಳಿದ್ರೆ, ಗಾಳಿ ಎಂಜಿನ್‌ಗೆ ಹೋಗದೆ ಸುತ್ತು ಹೊಡೆದು ವಾಪಸ್ ಬರುತ್ತೆ. ಇವೆಲ್ಲ ಸೂಪರ್‌ಚಾರ್ಜರ್ ಬಿಚ್ಚೋಕೆ ಮುಂಚೆ ನೋಡಬಹುದಾದ ವಿಷಯ.

ಹಾಗಂತ ಉದಾಸೀನವೂ ಸಲ್ಲದು. ಈ ಕಾರಿನ ವಾಟರ್ ಪಂಪ್ ತಿರುಗೋದೂ ಸೂಪರ್‌ಚಾರ್ಜರಿನ ಗೇರಿನಿಂದಲೇ. ಒಳಗಿನ ಎಣ್ಣೆ ಒಣಗಿ ಹಲ್ಲು ಸವೆದ್ರೆ ಕೂಲೆಂಟ್ ಹರಿಯೋದು ನಿಂತು ಎಂಜಿನ್ನೇ ಬೆಂದುಹೋಗಬಹುದು. ಟೆಂಪರೇಚರ್ ಏರಿದ್ರೆ ತಕ್ಷಣ ಗಾಡಿ ನಿಲ್ಸಿ.

ಮೊದಲು ಬೆಲ್ಟ್, ಕೊನೆಗೆ ಸೂಪರ್‌ಚಾರ್ಜರ್. ಈ ಕ್ರಮವನ್ನ ಉಲ್ಟಾ ಮಾಡಿ ಹೇಳೋ ಸಲಹೆ ಪುಕ್ಕಟೆ. ಬಿಲ್ ಮಾತ್ರ ನಿಮ್ಮದು.