ಮುಟ್ಟದೆ ಅಳೆಯುವ ಬೆಳಕು

ದೇವರಗುಡ್ಡದ ಕಾರ್ಣಿಕದಲ್ಲಿ ಭವಿಷ್ಯ ನುಡಿಯಲು ಗೊರವಯ್ಯ ಬಿಲ್ಲನ್ನೇರುವಾಗ ನನ್ನ ಕಣ್ಣು ಭಾರ ಹೊತ್ತ ಆ ಬಿಲ್ಲಿನ ಮೇಲೆಯೇ.

ಹಾಗೆ ಭಾರ ಹೊತ್ತು ಬಾಗುವ ಯಾವ ತೊಲೆಯಲ್ಲೂ ಉಬ್ಬಿದ ಮೈ ಹಿಗ್ಗುತ್ತದೆ, ತಗ್ಗಿದ ಮೈ ಕುಗ್ಗುತ್ತದೆ. ನಡುವಿನ ಪದರ ಮಾತ್ರ ಇದ್ದಷ್ಟೇ ಉದ್ದ. ಕಬ್ಬಿಣದಲ್ಲಿ ಇದು ಬರಿಗಣ್ಣಿಗೆ ಕಾಣದು. ಅದನ್ನು ತೋರಿಸುವುದು ಲೇಸರ್. ಒರಟು ಲೋಹದ ಮೇಲೆ ಬಿದ್ದ ಕೆಂಪು ಬೆಳಕು ರಾಗಿ ಚೆಲ್ಲಿದಂತೆ ಚುಕ್ಕಿಚುಕ್ಕಿಯಾಗಿ ಮಿನುಗುತ್ತದೆ. ಅದಕ್ಕೆ ಅದೇ ಲೇಸರಿನ ಇನ್ನೊಂದು ಕಿರಣ ಬೆರೆಸಿ, ಭಾರ ಇಡುವ ಮೊದಲೊಂದು, ಇಟ್ಟ ಮೇಲೊಂದು ಚಿತ್ರ ತೆಗೆದು ಒಂದರಿಂದ ಇನ್ನೊಂದನ್ನು ಕಳೆದರೆ ಕಪ್ಪು-ಬಿಳಿ ಪಟ್ಟೆಗಳು ಮೂಡುತ್ತವೆ. ಹೀಲಿಯಂ-ನಿಯಾನ್ ಲೇಸರಿನ ತರಂಗದುದ್ದ 632.8 ನ್ಯಾನೊಮೀಟರ್, ನೇರ ಎದುರಿನಿಂದ ಅಳೆದರೆ ಪಟ್ಟೆಯಿಂದ ಪಟ್ಟೆಗೆ ಅದರ ಅರ್ಧದಷ್ಟು ಸರಿದಾಟ. ಪಟ್ಟೆ ಎಣಿಸಿದರೆ ಬಾಗಿನ ಆಕಾರ, ಆಕಾರದಿಂದ ಹಿಗ್ಗಿನ ಲೆಕ್ಕ.

ಅಂಟಿಲ್ಲ, ತಂತಿಯಿಲ್ಲ, ಲೋಹಕ್ಕೊಂದು ಗೀರೂ ಇಲ್ಲ. ಇಷ್ಟು ಮೃದುವಾದ ಅಳತೆಗೋಲು ಇನ್ನೆಲ್ಲಿದೆ?